ಊರೆಲ್ಲ ಮನೆ ಅಳಿಯಂದಿರೇ! ಅಚೆಯ ಹಳ್ಳಿಗಳ ಕತೆ, 10 ಕಂತುಗಳಲ್ಲಿ

1/10

ನಮ್ಮ ಕಡೆ ಯಾರನ್ನಾದ್ರೂ 'ಮನೆ ಅಳಿಯ' ಅಂದ್ರೆ ಅದು ಹೊಗಳಿಕೆ ಅಲ್ಲ. ಮದುವೆ ಮನೇಲಿ ಒಂದು ಜೋಕು, ಬೆನ್ನ ಹಿಂದೆ ಒಂದು ನಗು. ಈಗ ಒಂದು ಊರನ್ನ ಊಹಿಸ್ಕೊಳ್ಳಿ. ಅಲ್ಲಿ ಮದುವೆಯಾದ ಗಂಡಸರೆಲ್ಲರೂ ಮನೆ ಅಳಿಯಂದಿರೇ. ಯಾರೂ ನಗಲ್ಲ. ನಗೋಕೆ ಹೊರಟವನೂ ಮಾವನ ಮನೇಲೇ ಊಟ ಮಾಡಿ ಬಂದಿರ್ತಾನೆ!

ಇಂಥ ಊರುಗಳು ಇರೋದು ಅಚೆಯಲ್ಲಿ. ನಮ್ಮ 'ಆಚೆ' ಅಲ್ಲ ಮತ್ತೆ, ಅಚೆ. ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಉತ್ತರದ ತುದಿ. ಮ್ಯಾಪ್ ತೆಗೆದು ನಿಕೋಬಾರ್‌ನ ಕೊನೆಯ ದ್ವೀಪ ಹುಡುಕಿ. ಅಲ್ಲಿಂದ ಸಮುದ್ರದಲ್ಲಿ ಇನ್ನೂರು ಕಿಲೋಮೀಟರ್ ಆಸುಪಾಸು ಹೋದ್ರೆ ಅಚೆ. ಬೆಂಗಳೂರಿಂದ ಶಿವಮೊಗ್ಗಕ್ಕೆ ಹೋಗೋದಕ್ಕಿಂತ ಹತ್ತಿರ.

ಅಚೆ ಅಂದ ಕೂಡಲೇ ದೊಡ್ಡವರಿಗೆ ನೆನಪಾಗೋದು 2004ರ ಸುನಾಮಿ. ನಮ್ಮ ಕ್ಲಾಸಲ್ಲಿ ಬಹಳಷ್ಟು ಜನ ಆಗ ಹುಟ್ಟಿರಲೇ ಇಲ್ಲ. ನನಗೂ ಅದು ಯೂಟ್ಯೂಬ್ ವಿಡಿಯೋದಲ್ಲಿ ನೋಡಿದ ನೀರು, ಅಷ್ಟೇ. ಆ ನೀರಲ್ಲಿ ಹೋದ ಹಳ್ಳಿಗಳು ಹೆಂಗಿದ್ವು ಅಂತ ಓದೋಕೆ ಶುರು ಮಾಡಿದೆ. ಓದ್ತಾ ಓದ್ತಾ ಒಂದೇ ಪ್ರಶ್ನೆ ಎಲ್ಲ ಕಡೆ ಎದುರಾಯ್ತು: ಮನೆ ಯಾರದ್ದು?

ಈ 10 ಕಂತುಗಳಲ್ಲಿ ಅದೇ ಪ್ರಶ್ನೆ ಹಿಡ್ಕೊಂಡು ಸುಮಾರು ನಾನೂರು ವರ್ಷ ಓಡಾಡಿ ಬರೋಣ. ಮೆಣಸು ಬರುತ್ತೆ, ಯುದ್ಧ ಬರುತ್ತೆ, ಗ್ಯಾಸ್ ಬರುತ್ತೆ, ಕೊನೆಗೆ ನೀರೂ ಬರುತ್ತೆ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಅಚೆ ಅಂದ್ರೆ ಒಂದೇ ಥರ ಅಲ್ಲ, ಬೆಟ್ಟದ ಗಾಯೋ ಜನರ ಪದ್ಧತಿಗಳೇ ಬೇರೆ. ನಾನು ಹೇಳ್ತಿರೋ ಮನೆ ಪದ್ಧತಿ ಗಟ್ಟಿಯಾಗಿ ಬೇರು ಬಿಟ್ಟಿರೋದು ಉತ್ತರದ ಅಚೆ ಬೆಸಾರ್ ಮತ್ತು ಪಿಡಿ ಅನ್ನೋ ಎರಡು ಜಿಲ್ಲೆಗಳಲ್ಲಿ. ಹೆಚ್ಚಾಗಿ ಅಲ್ಲೇ ಇರ್ತೀವಿ.

ಸೇವ್ ಮಾಡ್ಕೊಳ್ಳಿ, ಬಸ್ಸಲ್ಲಿ ಓದಬಹುದು.

2/10 ಮನೆಯೊಳಗೆ ಬನ್ನಿ

ಹಳ್ಳಿಗೆ ಅಲ್ಲಿ 'ಗಂಪೊಂಗ್' ಅಂತಾರೆ. ಸುತ್ತ ಭತ್ತದ ಗದ್ದೆ, ನಡುವೆ ದ್ವೀಪದ ಹಾಗೆ ತೆಂಗು, ಅಡಕೆ, ಬಾಳೆ. ಆ ನೆರಳಲ್ಲಿ ಮನೆಗಳು. ಇಷ್ಟು ಕೇಳಿದ್ರೆ ನಮ್ಮ ಕರಾವಳಿಯ ಯಾವುದೋ ಊರು ಅನ್ಸುತ್ತೆ ಅಲ್ವಾ? ಮನೆ ನೋಡಿದ ಕೂಡಲೇ ಆ ಭ್ರಮೆ ಹೋಗುತ್ತೆ.

ಹಳೇ ಕಾಲದ ಅಚೆ ಮನೆ, 'ರುಮೊ ಅಚೆ', ನೆಲದ ಮೇಲೆ ಕೂರಲ್ಲ. ಮರದ ಕಂಬಗಳ ಮೇಲೆ, ಆಳುದ್ದಕ್ಕಿಂತ ಎತ್ತರದಲ್ಲಿ ನಿಂತಿರುತ್ತೆ. 16 ಕಂಬ, 20 ಕಂಬ, ಅನುಕೂಲಸ್ಥರಾದ್ರೆ 24. ಕಬ್ಬಿಣದ ಮೊಳೆ ಹೊಡೆಯಲ್ಲ. ಕಂಬಕ್ಕೆ ತೂತು ಕೊರೆದು, ತೊಲೆ ತೂರಿಸಿ, ಮರದ ಬೆಣೆ ಬಡಿದು ಬಿಗಿ ಮಾಡ್ತಾರೆ. ಹಾಗಾಗಿ ಬೇಕಾದ್ರೆ ಇಡೀ ಮನೆ ಬಿಚ್ಚಿ ಬೇರೆ ಕಡೆ ಜೋಡಿಸಬಹುದು.

ಚಾವಣಿಗೆ ಸಾಗೋ ತಾಳೆಯ ಗರಿ. ಅದರಲ್ಲೊಂದು ಜಾಣತನ ಇದೆ. ಗರಿಯ ಹೊದಿಕೆಯನ್ನ ಹಗ್ಗದಿಂದ ಕಟ್ಟಿರ್ತಾರೆ. ಬೆಂಕಿ ಬಿದ್ರೆ ಹಗ್ಗ ಕತ್ತರಿಸಿದ್ರೆ ಸಾಕು, ಉರಿಯೋ ಚಾವಣಿ ಜಾರಿ ಕೆಳಗೆ ಬೀಳುತ್ತೆ, ಕೆಳಗಿನ ಮರದ ಮನೆ ಉಳಿಯುತ್ತೆ.

ಮೆಟ್ಟಿಲ ಹತ್ರ ನೀರಿನ ಗುಡಾಣ. ಕಾಲು ತೊಳ್ಕೊಂಡು ಹತ್ತಬೇಕು. ಮನೆಯೊಳಗೆ ಮೂರು ಭಾಗ. ಮುಂದಿನ ಜಗಲಿ ಗಂಡಸರಿಗೆ, ಅತಿಥಿಗಳಿಗೆ. ನಡುವಿನ ಭಾಗ ಸ್ವಲ್ಪ ಎತ್ತರ, ಅಲ್ಲಿ ಮಲಗೋ ಕೋಣೆ. ಹಿಂದಿನ ಭಾಗ ಹೆಂಗಸರದ್ದು: ಅಡುಗೆ, ಮಕ್ಕಳು, ಹರಟೆ ಎಲ್ಲ ಅಲ್ಲೇ. ಅಟ್ಟಣೆ ಕೆಳಗಿನ ಜಾಗನೂ ಖಾಲಿ ಬಿಡಲ್ಲ. ಭತ್ತದ ಕಣಜ, ಕಾಲಿಂದ ತುಳಿದು ಭತ್ತ ಕುಟ್ಟೋ ಮರದ ಏತ, ನೇಯೋ ಮಗ್ಗ, ಆಡೋ ಮಕ್ಕಳು, ಕೋಳಿ.

ನಡುವಿನ ಭಾಗದ ಎರಡು ಕಂಬಗಳಿಗೆ ಹೆಸರೂ ಇದೆ: ರಾಜ ಕಂಬ, ರಾಣಿ ಕಂಬ. ಮನೆ ಕಟ್ಟುವಾಗ ಮೊದಲು ನಿಲ್ಲಿಸೋದು ಈ ಜೋಡೀನೇ.

ಈಗ ಅಸಲಿ ಪ್ರಶ್ನೆ. ಇಷ್ಟು ಕಷ್ಟಪಟ್ಟು ಕಟ್ಟಿದ ಮನೆ ಯಾರಿಗೆ ಸೇರುತ್ತೆ?

3/10 ಮನೆಯೊಡತಿ

ಮಗಳಿಗೆ.

ಹುಡುಗಿಗೆ ಮದುವೆ ಆದ್ರೆ ಅವಳು ಗಂಡನ ಮನೆಗೆ ಹೋಗಲ್ಲ, ಗಂಡನೇ ಅವಳ ಮನೆಗೆ ಬರ್ತಾನೆ. ಮೊದಮೊದಲು ಆ ಜೋಡಿ ಅವಳ ಅಪ್ಪ-ಅಮ್ಮನ ಮನೇಲೇ ಇರುತ್ತೆ. ಕೆಲವು ವರ್ಷ ಕಳೆದು, ಒಂದು ಮಗು ಆಗಿ, ಸಂಸಾರ ನಿಂತಿದೆ ಅಂತ ಅನ್ಸಿದ ಮೇಲೆ ಅಪ್ಪ-ಅಮ್ಮ ನಾಲ್ಕು ಜನರ ಮುಂದೆ ಅವಳಿಗೆ ಮನೆ ಕೊಡ್ತಾರೆ. ಅನುಕೂಲ ಇದ್ರೆ ಒಂದಿಷ್ಟು ಗದ್ದೆಯನ್ನೂ. ಎರಡನೇ ಮಗಳು ಬೆಳೆದ್ರೆ ಅದೇ ಹಿತ್ತಲಲ್ಲಿ ಇನ್ನೊಂದು ಮನೆ ಏಳುತ್ತೆ, ಇಲ್ಲ ಅಂದ್ರೆ ಹಿರಿಯರೇ ಹಿಂದೆ ಸರಿದು ಜಾಗ ಬಿಡ್ತಾರೆ. ಹಾಗಾಗಿ ಒಂದು ಅಂಗಳದಲ್ಲಿ ಅಜ್ಜಿ, ಅವಳ ಹೆಣ್ಣುಮಕ್ಕಳು, ಅಕ್ಕ-ತಂಗಿಯರು, ಚಿಕ್ಕಮ್ಮಂದಿರು. ಬಾವಿ ಒಂದೇ.

ಹೆಂಡತಿಗೆ ಅಲ್ಲಿ 'ಪೊ ರುಮೊ' ಅಂತಾರೆ. ಅರ್ಥ ನೇರವಾಗಿ 'ಮನೆಯ ಒಡತಿ'. ಜಗಳ ಆಗಿ ವಿಚ್ಛೇದನಕ್ಕೆ ಹೋದ್ರೆ ಬಟ್ಟೆ ಗಂಟು ಕಟ್ಕೊಂಡು ಮೆಟ್ಟಿಲು ಇಳಿಯೋನು ಗಂಡ. ಹೆಂಡತಿ, ಮಕ್ಕಳು, ಕಣಜದ ಭತ್ತ ಎಲ್ಲ ಇದ್ದಲ್ಲೇ.

"ಓ, ನಮ್ಮ ತುಳುನಾಡಿನ ಅಳಿಯಸಂತಾನ ಥರ!" ಅಂತ ಕಾಮೆಂಟ್ ಹಾಕೋಕೆ ಹೊರಟಿರೋರು ಸ್ವಲ್ಪ ತಡೀರಿ. ಅದಲ್ಲ. ಅಳಿಯಸಂತಾನದಲ್ಲಿ ವಂಶವೇ ತಾಯಿ ಕಡೆಯಿಂದ ಎಣಿಕೆ ಆಗುತ್ತೆ. ಅಚೆಯಲ್ಲಿ ಹಾಗಿಲ್ಲ, ಅಪ್ಪನ ಕಡೆ ನೆಂಟಸ್ತನಕ್ಕೂ ಬೆಲೆ ಇದೆ. ಅವರು ಶ್ರದ್ಧೆಯ ಮುಸ್ಲಿಮರು. ಇಸ್ಲಾಮಿನ ಉತ್ತರಾಧಿಕಾರ ನಿಯಮದಲ್ಲಿ ಮಗಳಿಗೆ ಒಂದು ಪಾಲಾದ್ರೆ ಮಗನಿಗೆ ಎರಡು. ಹಾಗಾದ್ರೆ ಮನೆ ಮಗಳಿಗೆ ಹೇಗೆ ಬಂತು?

ಬಿಕಾಂನವರು ಗಮನಿಸಿ, ಇದು ನಮ್ಮ ಸಬ್ಜೆಕ್ಟು. ಪಾಲು ಲೆಕ್ಕ ಬರೋದು ಸತ್ತ ಮೇಲೆ. ಬದುಕಿದ್ದಾಗ ಕೊಟ್ಟಿದ್ದು ದಾನ. ದಾನ ಕೊಟ್ಟ ಆಸ್ತಿ ಪಾಲಿನ ಲೆಕ್ಕಕ್ಕೇ ಬರಲ್ಲ. ಧರ್ಮದ ನಿಯಮವನ್ನ ಮುರೀಲಿಲ್ಲ, ಊರಿನ ಪದ್ಧತಿಯನ್ನೂ ಬಿಡಲಿಲ್ಲ. ಓದು ಬರಹ ಬಾರದ ರೈತರೂ ಮಾಡ್ಕೊಂಡು ಬಂದ ಲೆಕ್ಕಾಚಾರ ಇದು.

4/10 ಹಾಗಾದ್ರೆ ಹುಡುಗರು ಎಲ್ಲಿ?

ಮನೆ ಅಕ್ಕ-ತಂಗಿಯರದ್ದು. ಹುಡುಗನಿಗೆ ಸ್ವಲ್ಪ ಬುದ್ಧಿ ಬಂತು ಅಂದ್ರೆ ಅವನ ಹಾಸಿಗೆ 'ಮೆನಾಸಾ'ಕ್ಕೆ ಹೋಗುತ್ತೆ. ಪ್ರತಿ ಗಂಪೊಂಗ್‌ಗೂ ಒಂದು ಮೆನಾಸಾ. 'ಮದರಸಾ' ಅನ್ನೋ ಪದವೇ ಸವೆದು ಹೀಗಾಗಿದೆ. ಅಲ್ಲಿ ನಮಾಜು, ಕುರಾನ್ ಪಾಠ, ಊರ ಪಂಚಾಯ್ತಿ, ಹಬ್ಬದೂಟ. ರಾತ್ರಿ ಆದ್ರೆ ಮದುವೆಯಾಗದ ಹುಡುಗರ, ದಾರಿಹೋಕರ, ವಯಸ್ಸಾದ ಒಂಟಿ ಗಂಡಸರ ಮಲಗೋ ಜಾಗ. ಹಾಸ್ಟೆಲ್, ಶಾಲೆ, ಕಚೇರಿ ಎಲ್ಲ ಒಂದೇ ಸೂರಿನಡಿ.

ಊರು ನಡೆಸೋರು ಇಬ್ಬರು. 'ಕೆಚಿಕ್' ಅಂದ್ರೆ ಊರ ಮುಖಂಡ, ಲೋಕದ ವ್ಯವಹಾರ ಅವನದ್ದು. 'ತೆಂಕು' ಅಂದ್ರೆ ಧಾರ್ಮಿಕ ಗುರು, ಮೆನಾಸಾದ ಇಮಾಮ. ಇಬ್ಬರನ್ನ ಊರಿನ ಅಪ್ಪ-ಅಮ್ಮ ಅಂತ ಹೇಳೋ ರೂಢಿ ಇದೆ: ಮುಖಂಡ ಅಪ್ಪ, ಗುರು ಅಮ್ಮ. ಜೊತೆಗೆ ಹಿರಿಯರ ಒಂದು ಮಂಡಳಿ. ಹಲವು ಗಂಪೊಂಗ್ ಸೇರಿದ್ರೆ ಒಂದು 'ಮುಕಿಮ್'.

ಗದ್ದೆಗೆ ನೀರು ಬಿಡೋಕೆ, ಯಾವಾಗ ಬಿತ್ತಬೇಕು ಅಂತ ದಿನ ಹೇಳೋಕೆ ಬೇರೆಯೇ ಒಬ್ಬ ಅಧಿಕಾರಿ ಇರ್ತಾನೆ. ಎಲ್ಲರೂ ಒಟ್ಟಿಗೆ ಬಿತ್ತಬೇಕು. ಇಲ್ಲದಿದ್ರೆ ಒಬ್ಬನ ಗದ್ದೆ ಒಣಗುತ್ತೆ, ಇನ್ನೊಬ್ಬನದ್ದನ್ನ ಇಲಿ ತಿನ್ನುತ್ತೆ. ಬಿತ್ತೋ ಮೊದಲು ಗದ್ದೆ ಬಯಲಲ್ಲೇ ಊರಿಗೆಲ್ಲ ಊಟ. ಸಮುದ್ರದ ಊರುಗಳಲ್ಲಿ ಮೀನುಗಾರರ ಹಿರಿಯನಿಗೆ 'ಪಂಗ್ಲಿಮಾ ಲಾವೊತ್', ಅಂದ್ರೆ ಕಡಲಿನ ದಂಡನಾಯಕ ಅಂತ ಹೆಸರು. ದೋಣಿಗಳ ಜಗಳ ತೀರಿಸೋನು ಅವನೇ. ಗುರುವಾರ ಸಂಜೆಯಿಂದ ಶುಕ್ರವಾರ ಸಂಜೆವರೆಗೆ ಯಾರೂ ದೋಣಿ ಇಳಿಸಬಾರದು ಅನ್ನೋ ನಿಯಮ ಕಾಯೋನೂ ಅವನೇ. ಈ ನಿಯಮ ನೆನಪಿಟ್ಕೊಳ್ಳಿ, ಕೊನೇ ಕಂತಲ್ಲಿ ಮತ್ತೆ ಬರುತ್ತೆ.

ಒಂದು ವಿಷಯ ನೋಡಿದ್ರಾ? ಮನೆ ಹೆಂಗಸರದ್ದು, ಊರ ಸಭೆ ಪೂರ್ತಿ ಗಂಡಸರದ್ದು. ಆಸ್ತಿ ಇದ್ದ ಮಾತ್ರಕ್ಕೆ ಅಧಿಕಾರ ಬರಲ್ಲ. ಈ ಅಂತರ ಮುಂದೆ ದುಬಾರಿ ಆಗುತ್ತೆ.

5/10 ಮೆಣಸಿನ ಹಿಂದೆ ಹೋದವರು

ಸ್ವಂತ ಮನೆ ಇಲ್ಲ, ಮಾವನ ಮನೇಲಿ ಅತಿಥಿ. ಗಂಡಸು ಏನು ಮಾಡ್ತಾನೆ? ಊರು ಬಿಡ್ತಾನೆ. ದೂರದೂರಿಗೆ ದುಡಿಯೋಕೋ, ಓದೋಕೋ, ವ್ಯಾಪಾರಕ್ಕೋ ಹೋಗೋದಕ್ಕೆ ಅಲ್ಲಿ 'ಮೆರಾಂತೊ' ಅಂತಾರೆ. ಅಚೆಯ ಗಂಡಸರನ್ನ ನೂರಾರು ವರ್ಷ ಎಳೆದಿದ್ದು ಕಾಳುಮೆಣಸು.

ಇಲ್ಲಿ ನಮ್ಮೂರಿಗೂ ಒಂದು ನಂಟಿದೆ. 16ನೇ ಶತಮಾನದಲ್ಲಿ ಪೋರ್ಚುಗೀಸರು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನ 'ಕಾಳುಮೆಣಸಿನ ರಾಣಿ' ಅಂತ ಕರೀತಿದ್ರು. ಮೆಣಸಿನ ವ್ಯಾಪಾರ ತಮ್ಮ ಮುಷ್ಟಿಲೇ ಇರಬೇಕು ಅನ್ನೋದು ಅವರ ಹಟ. ಅದೇ ಶತಮಾನದಲ್ಲಿ ಅಚೆಯ ಮೆಣಸು ತುಂಬಿದ ಹಡಗುಗಳು ಅವರ ಕಾವಲು ತಪ್ಪಿಸಿ ಕೆಂಪು ಸಮುದ್ರಕ್ಕೆ ಹೋಗ್ತಿದ್ವು. ಅವರ ಕಣ್ಣಲ್ಲಿ ನಮ್ಮ ಕರಾವಳಿಯೂ ಅಚೆಯೂ ಒಂದೇ ಲೆಡ್ಜರಿನ ಎರಡು ಪುಟ. ಅಂದಹಾಗೆ ಅಚೆಯನ್ನೂ 1641ರಿಂದ 1699ರವರೆಗೆ ಸಾಲಾಗಿ ನಾಲ್ವರು ರಾಣಿಯರು ಆಳಿದ್ರು.

1820ರ ದಶಕದ ಹೊತ್ತಿಗೆ ಜಗತ್ತಿನ ಮೆಣಸಲ್ಲಿ ಹೆಚ್ಚುಕಮ್ಮಿ ಅರ್ಧ ಅಚೆಯದ್ದು. ಅಚೆ ಬೆಸಾರ್, ಪಿಡಿಯ ಗಂಡಸರು ಪಶ್ಚಿಮ ಕರಾವಳಿಯ ಕಾಡು ಕಡಿದು ಬಳ್ಳಿ ಹಬ್ಬಿಸಿದ್ರು, ಆಮೇಲೆ ಪೂರ್ವ ಕರಾವಳಿಗೂ ಹೋದ್ರು. ಅಮೆರಿಕದ ಸೇಲಂನಿಂದ ಹಡಗುಗಳು ಬಂದು ಕೊಳ್ತಿದ್ವು. ಈ ವ್ಯಾಪಾರಕ್ಕೆ ರಕ್ತದ ಕಲೆಯೂ ಇದೆ. 1831ರಲ್ಲಿ ಕುವಾಲಾ ಬಾತು ಅನ್ನೋ ಮೆಣಸಿನ ಊರಲ್ಲಿ ಒಂದು ಅಮೆರಿಕನ್ ಹಡಗನ್ನ ದೋಚಿ ನಾವಿಕರನ್ನ ಕೊಂದ್ರು. 1832ರಲ್ಲಿ ಅಮೆರಿಕದ ಯುದ್ಧನೌಕೆ ಬಂದು ಆ ಊರನ್ನೇ ಸುಟ್ಟು ಹೋಯ್ತು.

ಹೋದ ಗಂಡಸರು ಮರಳೋದು ಹಬ್ಬಕ್ಕೆ. ರಂಜಾನ್ ಶುರುವಾಗೋ ಮುಂಚಿನ ದಿನ 'ಮೆಗಾಂಗ್'. ಅವತ್ತು ಎಷ್ಟೇ ಬಡವನ ಮನೆಯಾದ್ರೂ ಮಾಂಸದ ಅಡುಗೆ ಆಗಲೇಬೇಕು. ಅಳಿಯ ಮಾಂಸದ ಪೊಟ್ಟಣ ಹಿಡ್ಕೊಂಡು ಅತ್ತೆ ಮನೆ ಮೆಟ್ಟಿಲು ಹತ್ತಬೇಕು. ಬರಿಗೈಲಿ ಬಂದ್ರೆ ಊರೆಲ್ಲ ಗುಸುಗುಸು. ಈ ಪದ್ಧತಿ ಇವತ್ತಿಗೂ ಇದೆ, ಅವತ್ತು ಮಾಂಸದ ಬೆಲೆ ಏರೋದೂ ಇವತ್ತಿಗೂ ಇದೆ.

6/10 ಇದನ್ನೆಲ್ಲ ಬರೆದಿಟ್ಟವನು ಯಾರು?

ಇತಿಹಾಸ ಓದುವಾಗ ಕೇಳಲೇಬೇಕಾದ ಪ್ರಶ್ನೆ ಇದು. ನಾನು ಮೇಲೆ ಹೇಳಿದ ಹಲವು ವಿವರಗಳನ್ನ ಮೊದಲು ವಿಸ್ತಾರವಾಗಿ ದಾಖಲಿಸಿದವನು ಸ್ನೂಕ್ ಹುರ್‌ಖ್ರೋನ್ಯೆ ಅನ್ನೋ ಡಚ್ ವಿದ್ವಾಂಸ. ಅರಬಿ ಕಲಿತವನು, 1885ರಲ್ಲಿ ಮೆಕ್ಕಾದಲ್ಲೂ ಇದ್ದು ಬಂದವನು. 1891-92ರಲ್ಲಿ ಅಚೆಯಲ್ಲಿದ್ದು ಜನರ ಬದುಕಿನ ಬಗ್ಗೆ ಎರಡು ಸಂಪುಟ ಬರೆದ. ಮನೆಯ ಕಂಬ ಎಷ್ಟು, ಮದುವೆ ಹೇಗೆ, ಬಿತ್ತನೆ ಯಾವಾಗ, ಒಂದನ್ನೂ ಬಿಟ್ಟಿಲ್ಲ.

ಇಷ್ಟು ಪ್ರೀತಿಯಿಂದ ಬರೆದಿದ್ದಾನಲ್ಲ ಅಂತ ಅನ್ಸುತ್ತೆ. ಆದ್ರೆ ಅವನನ್ನ ಕಳಿಸಿದ್ದು ಡಚ್ ಸರ್ಕಾರ, ಮತ್ತು ಅದು ಅಚೆಯ ಮೇಲೆ ಯುದ್ಧ ಹೂಡಿತ್ತು. 1873ರ ಮಾರ್ಚಲ್ಲಿ ಯುದ್ಧ ಘೋಷಣೆ ಆಯ್ತು. ಏಪ್ರಿಲಲ್ಲೇ ಅವರ ಸೇನಾಪತಿ ಕೋಲರ್ ದೊಡ್ಡ ಮಸೀದಿ ಎದುರು ಗುಂಡೇಟಿಗೆ ಸತ್ತ. ಮುಂದಿನ ವರ್ಷ ಅರಮನೆ ಸಿಕ್ತು, ಆದ್ರೆ ಹಳ್ಳಿಗಳು ಬಗ್ಗಲಿಲ್ಲ. ಹೋರಾಟ ಮೂವತ್ತು ವರ್ಷಕ್ಕೂ ಮೀರಿ ಎಳೀತು. ಹತ್ತಾರು ಸಾವಿರ ಜನ ಸತ್ತರು. ಹಳ್ಳಿಯ ಧಾರ್ಮಿಕ ಗುರುಗಳೇ ಹೋರಾಟದ ಬೆನ್ನೆಲುಬು, ಅವರನ್ನ ದಯೆಯಿಲ್ಲದೆ ಹೊಸಕಬೇಕು ಅಂತ ಸಲಹೆ ಕೊಟ್ಟವನು ಇದೇ ಸ್ನೂಕ್. ಹಳ್ಳಿಯನ್ನ ಅಷ್ಟು ಹತ್ತಿರದಿಂದ ನೋಡಿದ್ದು ಎಲ್ಲಿ ಹೊಡೆಯಬೇಕು ಅಂತ ತಿಳಿಯೋಕೂ ಹೌದು.

ಈ ಯುದ್ಧದಲ್ಲಿ ಒಬ್ಬ ಮನೆಯೊಡತಿ ಎದ್ದು ನಿಂತಳು. ಚುತ್ ನ್ಯಾ ದಿಯೆನ್, 1848ರಲ್ಲಿ ಅಚೆ ಬೆಸಾರ್‌ನಲ್ಲಿ ಹುಟ್ಟಿದವಳು. ಮೊದಲ ಗಂಡ 1878ರಲ್ಲಿ ಯುದ್ಧದಲ್ಲಿ ಸತ್ತ. ಎರಡನೆಯ ಗಂಡ ತೆಕು ಉಮರ್ 1899ರಲ್ಲಿ. ಅವಳ ಮನೆಯನ್ನ ಡಚ್ಚರು 1896ರಲ್ಲಿ ಸುಟ್ಟರು. ಕಣ್ಣು ಮಂಜಾದ್ರೂ ಕಾಡಲ್ಲಿದ್ದು ಹೋರಾಡಿದಳು. 1905ರಲ್ಲಿ ಸಿಕ್ಕಿಬಿದ್ದಳು. ಊರಲ್ಲಿಟ್ರೆ ಜನ ಮತ್ತೆ ಸೇರ್ತಾರೆ ಅಂತ ಜಾವಾದ ಸುಮೆಡಾಂಗ್‌ಗೆ ಗಡೀಪಾರು ಮಾಡಿದ್ರು. 1908ರಲ್ಲಿ ಅಲ್ಲೇ ತೀರಿಕೊಂಡಳು, ತನ್ನದಲ್ಲದ ಮನೇಲಿ.

1998ರಲ್ಲಿ ಇಂಡೋನೇಷ್ಯಾ ಅವಳ ಚಿತ್ರವನ್ನ 10,000 ರೂಪಾಯ ನೋಟಿನ ಮೇಲೆ ಹಾಕಿತು. ಅವಳ ಮನೆಯ ಪ್ರತಿರೂಪ ಲಂಪಿಸಾಂಗ್‌ನಲ್ಲಿ ಮ್ಯೂಸಿಯಂ ಆಗಿದೆ.

7/10 ಅಕ್ಕಿ ಹೆಂಡತಿದು, ಕಾಸು ಗಂಡಂದು

1945ರಲ್ಲಿ ಇಂಡೋನೇಷ್ಯಾ ಸ್ವಾತಂತ್ರ್ಯ ಘೋಷಿಸಿತು. ಅಚೆಯ ಜನ ಕೈಯಲ್ಲಿದ್ದ ಚಿನ್ನ, ದುಡ್ಡು ಸೇರಿಸಿ ಹೊಸ ದೇಶಕ್ಕೆ ವಿಮಾನವನ್ನೇ ಕೊಡಿಸಿದ್ರು. ಆದ್ರೆ 1950ರಲ್ಲಿ ಅಚೆಯನ್ನ ಪಕ್ಕದ ಉತ್ತರ ಸುಮಾತ್ರಾ ಪ್ರಾಂತ್ಯಕ್ಕೆ ಸೇರಿಸಿಬಿಟ್ರು. ಸಿಟ್ಟಿಗೆ 1953ರಲ್ಲಿ ಬಂಡಾಯ ಎದ್ದಿತು, 1959ರಲ್ಲಿ 'ವಿಶೇಷ ಪ್ರಾಂತ್ಯ' ಅನ್ನೋ ಹೆಸರು ಸಿಕ್ತು.

1960ರ ದಶಕದ ಶುರುವಿನಲ್ಲಿ ಜೇಮ್ಸ್ ಸೀಗಲ್ ಅನ್ನೋ ಅಮೆರಿಕನ್ ಮಾನವಶಾಸ್ತ್ರಜ್ಞ ಪಿಡಿಯ ಹಳ್ಳೀಲಿ ಬಂದು ಕೂತ. 1969ರಲ್ಲಿ ಪುಸ್ತಕ ಬಂತು. ಅದರಲ್ಲಿ ಕಾಣೋ ಸಂಸಾರದ ಬಜೆಟ್ ತುಂಬಾ ಸರಳ. ಅಕ್ಕಿ ಹೆಂಡತಿಯ ಗದ್ದೆಯಿಂದ. ಬಟ್ಟೆ, ಮಾಂಸ, ಮೇಲು ಖರ್ಚಿಗೆ ಬೇಕಾದ ಕಾಸು ಗಂಡ ಹೊರಗಿಂದ ತರಬೇಕು. ತಂದ್ರೆ ಮರ್ಯಾದೆ. ತರದೆ ಮನೇಲೇ ಕೂತ್ರೆ ಅವನು ಅತಿಥಿ ಕೂಡ ಅಲ್ಲ, ಬರೀ ತಿನ್ನೋ ಬಾಯಿ. ಅಪ್ಪ ಅನ್ನಿಸಿಕೊಳ್ಳೋಕೂ ಅವನಿಗೆ ಆ ಮನೇಲಿ ಗಟ್ಟಿ ಜಾಗ ಇರಲಿಲ್ಲ. ಮನೆ ಅಳಿಯನ ನೋವೂ ನೋವೇ, ಅದನ್ನ ಮರೀಬಾರದು.

ಆಮೇಲೆ 1971ರಲ್ಲಿ ಉತ್ತರ ಅಚೆಯ ಅರುನ್‌ನಲ್ಲಿ ಭಾರಿ ಗ್ಯಾಸ್ ಸಿಕ್ತು. 70ರ ದಶಕದ ಕೊನೆಗೆ ದ್ರವ ರೂಪದಲ್ಲಿ ಹಡಗು ತುಂಬಿ ವಿದೇಶಕ್ಕೆ ಹೋಗೋಕೆ ಶುರುವಾಯ್ತು, 2014ರವರೆಗೂ ಹೋಯ್ತು. ಹಣ ಜಕಾರ್ತಾಕ್ಕೆ, ಹೊಗೆಗೊಳವೆ ನೋಡೋ ಭಾಗ್ಯ ಹಳ್ಳಿಗೆ. ಗ್ಯಾಸಿನ ಮೇಲೆ ಕೂತ ಪ್ರಾಂತ್ಯ ಸುಮಾತ್ರಾದ ಅತಿ ಬಡ ಪ್ರಾಂತ್ಯಗಳ ಪಟ್ಟೀಲೇ ಉಳೀತು. ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗದೇ ಇರೋದು ಅಂದ್ರೆ ಇದೇ.

1976ರ ಡಿಸೆಂಬರ್ 4ರಂದು ಹಸನ್ ದಿ ತಿರೊ 'ಸ್ವತಂತ್ರ ಅಚೆ' ಘೋಷಿಸಿದರು. ಮುಂದಿನ ಸುಮಾರು ಮೂವತ್ತು ವರ್ಷ ಬಂದೂಕಿನ ಕಾಲ.

8/10 ಮನೆ ಜೈಲಾದ ಕತೆ

ಈ ಕಂತು ಓದೋಕೆ ಕಷ್ಟ. ಬೇಡ ಅನ್ನಿಸಿದ್ರೆ ಮುಂದಿನದಕ್ಕೆ ಹೋಗಿ.

1989ರಿಂದ 1998ರವರೆಗೆ ಅಚೆ ಸೇನಾ ಕಾರ್ಯಾಚರಣೆಯ ವಲಯ. ಪಿಡಿಯ ಒಂದು ಹಳ್ಳೀಲಿ 'ರುಮೊ ಗೆಡೊಂಗ್' ಅನ್ನೋ ಹಳೇ ಶ್ರೀಮಂತರ ದೊಡ್ಡ ಮನೆ ಇತ್ತು. ಸೈನಿಕರು ಅದನ್ನ ಠಾಣೆ ಮಾಡ್ಕೊಂಡ್ರು. ಬಂಡುಕೋರರಿಗೆ ಅನ್ನ ಹಾಕಿದ್ದೀರಿ, ಜಾಗ ಕೊಟ್ಟಿದ್ದೀರಿ ಅಂತ ಅನುಮಾನ ಬಂದ ಹಳ್ಳಿಯವರನ್ನ ಎಳೆದು ತಂದು ಅಲ್ಲಿ ಹಿಂಸೆ ಕೊಟ್ರು. ಗಂಡಸರಿಗೂ, ಹೆಂಗಸರಿಗೂ. ಅತ್ಯಾಚಾರಗಳೂ ನಡೆದವು. 1998ರ ಆಗಸ್ಟಿನಲ್ಲಿ, ಸೇನೆ ಹೊರಟ ಮೇಲೆ, ಆ ಮನೆಗೆ ಬೆಂಕಿ ಬಿತ್ತು. ಉಳಿದಿದ್ದು ಮೆಟ್ಟಿಲು, ಒಂದಿಷ್ಟು ಗೋಡೆ.

2003ರ ಮೇ 17ರಂದು ದಕ್ಷಿಣ ಅಚೆಯ ಜಾಂಬೊ ಕೆಪೊಕ್ ಹಳ್ಳೀಲಿ 16 ಜನರನ್ನ ಕೊಂದ್ರು. ಕೆಲವರನ್ನ ಗುಂಡಿಟ್ಟು, ಉಳಿದವರನ್ನ ಒಂದು ಮನೆಯೊಳಗೆ ಕೂಡಿಹಾಕಿ ಬೆಂಕಿ ಹಚ್ಚಿ. ಎರಡೇ ದಿನದಲ್ಲಿ ಇಡೀ ಅಚೆಗೆ ಸೇನಾಡಳಿತ ಬಂತು.

ಹೀಗಾದಾಗ ಹಳ್ಳಿ ಏನಾಗುತ್ತೆ? ಗಂಡಸರು ಕಾಡಿಗೆ ಹೋದ್ರು, ಮಲೇಷ್ಯಾಕ್ಕೆ ಓಡಿದ್ರು, ಇಲ್ಲ ಸತ್ತರು. ಉಳಿದವರು ರಾತ್ರಿ ಕಾವಲು ಕೂರಲೇಬೇಕು ಅನ್ನೋ ಆಜ್ಞೆ. ಹೆಂಗಸರು ಮನೇಲೇ ಉಳಿದ್ರು. ಮನೆ ಅವರದ್ದು, ಗದ್ದೆ ಅವರದ್ದು, ಬಿಟ್ಟು ಎಲ್ಲಿಗೆ ಹೋಗ್ತಾರೆ? ಬಾಗಿಲು ಬಡಿದವನು ಸೈನಿಕನೋ ಬಂಡುಕೋರನೋ, ಬಾಗಿಲು ತೆಗೆದವಳು ಮನೆಯೊಡತಿ. ಉತ್ತರ ಕೊಟ್ಟವಳೂ ಅವಳೇ. ಬಿತ್ತಿ, ಕುಯ್ದು, ಮಕ್ಕಳನ್ನ ಶಾಲೆಗೆ ಕಳಿಸಿದವಳೂ ಅವಳೇ. ಮೆಣಸಿನ ಕಾಲಕ್ಕೆ ಕಟ್ಟಿಕೊಂಡ ಪದ್ಧತಿ ಬಂದೂಕಿನ ಕಾಲದಲ್ಲಿ ಹಳ್ಳಿಯನ್ನ ಉಳಿಸಿತು ಅಂತ ನನಗನ್ನಿಸುತ್ತೆ. ಅದಕ್ಕೆ ಬೆಲೆ ಕಟ್ಟಿದವರು ಹೆಂಗಸರು.

ಈ ಸಂಘರ್ಷದಲ್ಲಿ ಸತ್ತವರು ಸುಮಾರು 15,000 ಅಂತ ಅಂದಾಜು. 2023ರ ಜನವರಿಯಲ್ಲಿ ಅಂದಿನ ಅಧ್ಯಕ್ಷ ಜೋಕೊ ವಿಡೊಡೊ ದೇಶದ 12 ಘೋರ ಮಾನವ ಹಕ್ಕು ಉಲ್ಲಂಘನೆಗಳನ್ನ ಒಪ್ಪಿಕೊಂಡ್ರು. ಈ ಎರಡು ಪ್ರಕರಣಗಳೂ ಅದರಲ್ಲಿವೆ. ಜೂನಲ್ಲಿ ಅವರು ರುಮೊ ಗೆಡೊಂಗ್ ಜಾಗಕ್ಕೇ ಬಂದ್ರು. ಆ ಕಾರ್ಯಕ್ರಮಕ್ಕೆ ಜಾಗ ಅಣಿ ಮಾಡುವಾಗ ಉಳಿದಿದ್ದ ಅವಶೇಷಗಳನ್ನೇ ಕೆಡವಿದ್ರು. ಸಾಕ್ಷಿ ಅಳಿಸಿ ಸ್ಮಾರಕ ಕಟ್ತೀರಾ ಅಂತ ಮಾನವ ಹಕ್ಕು ಸಂಘಟನೆಗಳು ಕೇಳಿದವು.

9/10 ಭಾನುವಾರ ಬೆಳಿಗ್ಗೆ

2004ರ ಡಿಸೆಂಬರ್ 26, ಭಾನುವಾರ. ಅಲ್ಲಿನ ಸಮಯ ಬೆಳಿಗ್ಗೆ 8 ಗಂಟೆಗೆ ಒಂದೆರಡು ನಿಮಿಷ ಇದ್ದಾಗ ಭೂಮಿ ನಡುಗಿತು. ಅರ್ಧ ಗಂಟೆ ಚಿಲ್ಲರೆ ಕಳೆಯೋದ್ರೊಳಗೆ ಸಮುದ್ರ ಊರೊಳಗೆ ಬಂತು. ಅಚೆ ಒಂದರಲ್ಲೇ ಸತ್ತವರು, ಕಾಣೆಯಾದವರು ಸೇರಿ 1,60,000ಕ್ಕೂ ಹೆಚ್ಚು.

ಲಂಪುಉಕ್ ಅನ್ನೋ ಕರಾವಳಿ ಊರಲ್ಲಿ ಸುತ್ತ ಎಲ್ಲ ನೆಲಸಮ, ಬಿಳಿ ಮಸೀದಿ ಒಂದೇ ನಿಂತಿತ್ತು. ಬಂಡಾ ಅಚೆಯ ಮೀನುಗಾರರ ಗಂಪೊಂಗ್ ಲಂಪುಲೊದಲ್ಲಿ ನೀರು ಒಂದು ಮರದ ದೋಣಿಯನ್ನ ಎತ್ತಿ ಮನೆಯ ಮೇಲೆ ಕೂರಿಸಿತು. ಆ ದೋಣಿ ಹತ್ತಿ 59 ಜನ ಬದುಕಿದ್ರು. ದೋಣಿ ಈಗಲೂ ಆ ಮನೆ ಮೇಲೇ ಇದೆ.

ಈಗ ಒಂದು ಲೆಕ್ಕ ನೋಡಿ. ಮೂರು ತಿಂಗಳ ನಂತರ ಆಕ್ಸ್‌ಫ್ಯಾಮ್ ಸಂಸ್ಥೆ ಅಚೆ ಬೆಸಾರ್‌ನ 4 ಹಳ್ಳಿಗಳಲ್ಲಿ ಬದುಕಿದವರನ್ನ ಎಣಿಸಿತು. 676 ಜನ. ಅದರಲ್ಲಿ ಹೆಣ್ಣುಮಕ್ಕಳು 189. ಉತ್ತರ ಅಚೆಯ 4 ಹಳ್ಳಿಗಳಲ್ಲಿ ಸತ್ತ 366 ಜನರಲ್ಲಿ 284 ಹೆಣ್ಣುಮಕ್ಕಳು.

ಈ ಸಂಖ್ಯೆ ಓದಿದಾಗ ನಾನು ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಕಾರಣಗಳು ಒಂದಲ್ಲ. ಮೀನು ಹಿಡಿಯೋಕೆ ದೂರ ಹೋದವರ ದೋಣಿ ಕೆಳಗೆ ಅಲೆ ಸುಮ್ನೆ ಹಾದುಹೋಯ್ತು. ಕೆಲವರು ಪೇಟೆಗೋ ಬೇರೆ ಊರಿಗೋ ಹೋಗಿದ್ರು. ಹೆಂಗಸರು ಮನೇಲಿದ್ರು. ಭಾನುವಾರ, ಮಕ್ಕಳೂ ಮನೇಲಿದ್ರು. ಕಂಕುಳಲ್ಲಿ ಒಂದು, ಕೈಲಿ ಒಂದು ಮಗು ಹಿಡ್ಕೊಂಡು ಎಷ್ಟು ಓಡಬಹುದು? ಈಜು, ಮರ ಹತ್ತೋದು ಹುಡುಗರು ಕಲಿತಿದ್ರು, ಹುಡುಗಿಯರಿಗೆ ಯಾರೂ ಕಲಿಸಿರಲಿಲ್ಲ.

ಮನೆ ಅವರದ್ದು ಅಂತ ನಾನು ಎಂಟು ಕಂತು ಬರೆದೆ. ಯುದ್ಧದಲ್ಲಿ ಅದೇ ಮನೆ ಅವರಿಗೂ ಊರಿಗೂ ಆಧಾರ ಆಗಿತ್ತು. ಅವತ್ತು ಅದೇ ಮನೆ ಅವರನ್ನ ನೀರಿಗೆ ಕೊಟ್ಟಿತು. ಮನೆ ನಿನ್ನದು ಅಂತ ಹೇಳೋದು ಒಂದು. ನೀನು ಇರಬೇಕಾದ ಜಾಗ ಮನೆ ಮಾತ್ರ ಅಂತ ಹೇಳೋದು ಇನ್ನೊಂದು. ನಾಲ್ಕನೇ ಕಂತಲ್ಲಿ ಹೇಳಿದ ಅಂತರ ಇದೇ.

10/10 ಮತ್ತೆ ಮನೆ ಕಟ್ಟುವಾಗ

ನೀರು ಇಳಿದ ಮೇಲೆ ಮನೆ ಇಲ್ಲ, ಬೇಲಿ ಇಲ್ಲ, ಗಡಿಗೆ ನೆಟ್ಟ ಮರ ಇಲ್ಲ, ಪತ್ರಗಳೂ ಇಲ್ಲ. ಹಲವರಿಗೆ ಪತ್ರ ಮೊದಲೇ ಇರಲಿಲ್ಲ, ಊರಿಗೆ ಗೊತ್ತಿತ್ತು, ಅದೇ ಪತ್ರ. ಹಾಗಾಗಿ ಬದುಕಿದವರು ಸೇರಿ ನಿಂತು "ಇದು ನನ್ನ ಗಡಿ, ಅದು ನಿನ್ನದು" ಅಂತ ಒಬ್ಬರಿಗೊಬ್ಬರು ಸಾಕ್ಷಿ ಹೇಳ್ಕೊಂಡು ನೆಲ ಗುರುತು ಮಾಡಿದ್ರು. ಮನೆಯೊಡತಿಯರೇ ಹೆಚ್ಚು ಸತ್ತಿರುವಾಗ ಯಾವ ಹೆಸರು ಬರೆಯೋದು? ಬದುಕಿದ ಗಂಡನದ್ದಾ? ಮಗಳದ್ದಾ? ಸತ್ತವಳ ತಂಗಿಯದ್ದಾ? ಸರ್ಕಾರಿ ಫಾರಂನಲ್ಲಿ 'ಕುಟುಂಬದ ಮುಖ್ಯಸ್ಥ' ಅಂತ ಒಂದೇ ಜಾಗ ಇದ್ರೆ ಅಲ್ಲಿ ಗಂಡಸಿನ ಹೆಸರು ತಾನಾಗೇ ಬಂದು ಕೂರುತ್ತೆ. ಗಂಡ-ಹೆಂಡತಿ ಇಬ್ಬರ ಹೆಸರಲ್ಲೂ ಪತ್ರ ಕೊಡಿ ಅನ್ನೋ ಬೇಡಿಕೆ ಬಂದಿದ್ದು ಇದಕ್ಕೇ. ನಾನೂರು ವರ್ಷ ಬಾಯಿ ಮಾತಲ್ಲಿ ನಡೆದ ಹಕ್ಕು ಒಂದು ಫಾರಂನ ಒಂದು ಸಾಲಲ್ಲಿ ಹೋಗಿಬಿಡಬಹುದು.

2009ರ ಹೊತ್ತಿಗೆ ಸುಮಾರು 1,40,000 ಮನೆಗಳು ಎದ್ದವು. ಹೆಚ್ಚಿನವು ಇಟ್ಟಿಗೆ ಸಿಮೆಂಟಿನವು, 36 ಚದರ ಮೀಟರ್, ನೆಲದ ಮೇಲೆ. ಕಂಬಗಳಿಲ್ಲ, ಕೆಳಗೆ ಕಣಜ ಇಡೋ ಜಾಗ ಇಲ್ಲ, ಮಗಳಿಗೆ ಬಿಚ್ಚಿ ಕೊಡೋಕೆ ಆಗಲ್ಲ. ಆದ್ರೂ ಸೂರು ಸೂರೇ. ಅದನ್ನ ಹೀಗಳೆಯೋಕೆ ನಾನ್ಯಾರು?

ಒಳ್ಳೇದೂ ಆಯ್ತು. ಸುನಾಮಿಯ ಎಂಟು ತಿಂಗಳೊಳಗೆ, 2005ರ ಆಗಸ್ಟ್ 15ರಂದು ಹೆಲ್ಸಿಂಕಿಯಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ಬಂದೂಕುಗಳು ಕೆಳಗಿಳಿದವು. ಕಾಡಿಂದ ಗಂಡಸರು ಊರಿಗೆ ಬಂದ್ರು, ಮೆಗಾಂಗ್ ದಿನ ಮಾಂಸದ ಪೊಟ್ಟಣ ಮತ್ತೆ ಮೆಟ್ಟಿಲು ಹತ್ತಿತು.

ಶುಕ್ರವಾರ ದೋಣಿ ಇಳಿಸಬಾರದು ಅನ್ನೋ ನಿಯಮ ನೆನಪಿದೆಯಾ? ಕಡಲಿನ ದಂಡನಾಯಕರು ಅದಕ್ಕೆ ಇನ್ನೊಂದು ದಿನ ಸೇರಿಸಿದ್ರು: ಡಿಸೆಂಬರ್ 26. ಅವತ್ತು ಅಚೆಯ ಮೀನುಗಾರರು ಸಮುದ್ರಕ್ಕೆ ಹೋಗಲ್ಲ. ಅವತ್ತೊಂದು ದಿನ ಗಂಡಸರೂ ದಡದಲ್ಲೇ, ಮನೆಯವರ ಜೊತೇಲೇ.

ಇಲ್ಲಿಗೆ ಸರಣಿ ಮುಗೀತು. ಈಗ ನಿಮಗೊಂದು ಕೆಲಸ. ಇವತ್ತು ಮನೆಗೆ ಹೋದಾಗ ಕೇಳಿ: ನಮ್ಮ ಮನೆ ಖಾತೆ ಯಾರ ಹೆಸರಲ್ಲಿದೆ? ಅಮ್ಮನ ಹೆಸರು ಎಲ್ಲಾದ್ರೂ ಇದೆಯಾ? ಇನ್ನೊಂದು, ನಿಮ್ಮ ತಂಗಿಗೆ ಈಜು ಬರುತ್ತಾ? ಉತ್ತರ ಕಾಮೆಂಟಲ್ಲಿ ಹಾಕಲೇಬೇಕು ಅಂತೇನಿಲ್ಲ. ಕೇಳಿದ್ರೆ ಸಾಕು.

#ಅಚೆ #ಇತಿಹಾಸ #ಮನೆ_ಯಾರದ್ದು #ಕನ್ನಡದಲ್ಲಿ_ಓದು